ವಾಕ್ಯದ ಕೊನೆ ಕೇಳಿಸಬೇಕು: ಭಾಷಣ ತಿದ್ದಿಕೊಳ್ಳಲು ಯಾರಿಗೆ ಯಾವ ಅಭ್ಯಾಸ?

ಸಭೆಯ ಮುಂದೆ ಚೆನ್ನಾಗಿ ಮಾತನಾಡುವುದನ್ನು ಕಲಿಯಬೇಕೆಂದು ಹೊರಟವರಿಗೆ ಈಗ ದಾರಿಗಳ ಕೊರತೆಯಿಲ್ಲ. ಮನೆಯಲ್ಲೇ ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡು ತಿದ್ದಿಕೊಳ್ಳಬಹುದು, ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿಗೆ ಸೇರಬಹುದು, ಗಮಕಿಗಳ ಬಳಿ ಕಾವ್ಯವಾಚನ ಕಲಿಯಬಹುದು, ಕರಾವಳಿಯ ಕಡೆಯವರಾದರೆ ತಾಳಮದ್ದಳೆಯ ಕೂಟದಲ್ಲಿ ಕುಳಿತು ಮಾತು ಕಟ್ಟುವುದನ್ನು ರೂಢಿಸಿಕೊಳ್ಳಬಹುದು, ರಂಗ ಶಿಬಿರಕ್ಕೆ ಹೋಗಬಹುದು, ಇಲ್ಲವೇ ಹಣ ಕಟ್ಟಿ ವ್ಯಕ್ತಿತ್ವ ವಿಕಸನದ ತರಗತಿಗೆ ಸೇರಬಹುದು. ಇವೆಲ್ಲವೂ ಭಾಷಣವನ್ನು ಸುಧಾರಿಸುತ್ತವೆ ಎಂದು ಹೇಳಿಬಿಡುವುದು ಸುಲಭ. ಆದರೆ ಇವು ತಿದ್ದುವುದು ಒಂದೇ ದೋಷವನ್ನಲ್ಲ. ಉಸಿರು ಸಾಲದವನು ಕ್ಲಬ್ಬಿನಲ್ಲಿ ಎರಡು ವರ್ಷ ಕಳೆದರೂ ಅವನ ಮಾತು ಹಿಂದಿನ ಸಾಲಿಗೆ ಮುಟ್ಟದೆ ಉಳಿಯಬಹುದು. ಕಂಠ ಚೆನ್ನಾಗಿದ್ದು ಪ್ರಶ್ನೆಗೆ ತಡವರಿಸುವವನಿಗೆ ಧ್ವನಿಯ ಪಾಠದಿಂದ ಪ್ರಯೋಜನವಾಗದು.

ನನ್ನ ದೋಷ ಯಾವುದೆಂದು ನನಗೆ ತಿಳಿದದ್ದು ಒಂದು ಸಹಕಾರ ಸಂಘದ ವಾರ್ಷಿಕ ಮಹಾಸಭೆಯಲ್ಲಿ. ಆಗ ನಾನು ಆ ಸಂಘದ ಕಾರ್ಯದರ್ಶಿಯಾಗಿದ್ದೆ. ಕಲ್ಯಾಣ ಮಂಟಪದ ಊಟದ ಮನೆಯಲ್ಲಿ ಪಾತ್ರೆಗಳ ಸದ್ದು, ತಲೆಯ ಮೇಲೆ ಫ್ಯಾನುಗಳ ಸದ್ದು, ಕೈಯಲ್ಲಿ ನಾಲ್ಕು ಪುಟದ ವರದಿ. ‘ಈ ಸಾಲಿನಲ್ಲಿ ಸದಸ್ಯರಿಗೆ ಡಿವಿಡೆಂಡ್ ಹಂಚಲು ಸಾಧ್ಯವಾಗುತ್ತಿಲ್ಲ’ ಎಂಬ ವಾಕ್ಯವನ್ನು ಓದಿ ಮುಗಿಸುವ ಹೊತ್ತಿಗೆ ನನ್ನ ಕಣ್ಣು ಮುಂದಿನ ಸಾಲಿಗೆ ಇಳಿದಿತ್ತು, ಉಸಿರು ಮುಗಿದಿತ್ತು. ಹಿಂದಿನ ಸಾಲುಗಳವರು ಚಪ್ಪಾಳೆ ತಟ್ಟಿದರು. ಅವರಿಗೆ ‘ಸಾಧ್ಯವಾಗು’ ಎಂಬಲ್ಲಿಯವರೆಗೆ ಮಾತ್ರ ಕೇಳಿಸಿತ್ತು. ಅಧ್ಯಕ್ಷರು ಎದ್ದು ನಿಂತು ಅದೇ ವಾಕ್ಯವನ್ನು ಮತ್ತೊಮ್ಮೆ ಹೇಳಬೇಕಾಯಿತು.

ಈ ಎಡವಟ್ಟಿಗೆ ನನ್ನ ಕಂಠದಷ್ಟೇ ನಮ್ಮ ಭಾಷೆಯ ರಚನೆಯೂ ಕಾರಣ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಯಲ್ಲಿ ಬರುತ್ತದೆ, ಯಾರು ಮಾಡಿದರು, ಯಾವಾಗ ಮಾಡಿದರು ಎಂಬುದು ಆ ಕ್ರಿಯಾಪದದ ತುದಿಯಲ್ಲಿ ಬರುತ್ತದೆ, ಆಗುತ್ತದೆಯೋ ಇಲ್ಲವೋ ಎಂಬುದು ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ‘ಬರಬಹುದು’, ‘ಬರಬಾರದು’ ಎಂಬ ಎರಡು ಮಾತುಗಳ ವ್ಯತ್ಯಾಸ ಒಂದೆರಡು ಅಕ್ಷರಗಳಲ್ಲಿದೆ. ಇಂಗ್ಲಿಷಿನಲ್ಲಿ ಇಲ್ಲವೆನ್ನುವ ಪದ ಸಾಮಾನ್ಯವಾಗಿ ಮುಖ್ಯ ಕ್ರಿಯಾಪದಕ್ಕಿಂತ ಮೊದಲೇ ಬಂದುಬಿಡುವುದರಿಂದ ಅಲ್ಲಿನ ಭಾಷಣಕಾರ ವಾಕ್ಯದ ಕೊನೆಯಲ್ಲಿ ಸ್ವಲ್ಪ ಸ್ವರ ತಗ್ಗಿಸಿದರೂ ನಿಭಾಯಿಸುತ್ತದೆ. ಕನ್ನಡದಲ್ಲಿ ಹಾಗೆ ತಗ್ಗಿಸಿದವನು ವಾಕ್ಯದ ತಿರುಳನ್ನೇ ನುಂಗಿದಂತೆ. ಇಂಗ್ಲಿಷ್ ಭಾಷಣಕಲೆಯ ಸಲಹೆಗಳನ್ನು ಹಾಗೆಯೇ ಎತ್ತಿಕೊಂಡು ಅಭ್ಯಾಸ ಮಾಡಿದ ಕನ್ನಡ ಭಾಷಣಕಾರರು ಈ ಒಂದು ವಿಷಯದಲ್ಲಿ ಮೇಲಿಂದ ಮೇಲೆ ಸೋಲುವುದನ್ನು ನಾನು ಕಂಡಿದ್ದೇನೆ. ಹಾಗಾಗಿ ಮುಂದೆ ಹೇಳುವ ಪ್ರತಿಯೊಂದು ದಾರಿಯನ್ನೂ ನಾನು ಅಳೆಯುವುದು ಎರಡು ಪ್ರಶ್ನೆಗಳಿಂದ: ಅದು ವಾಕ್ಯದ ಕೊನೆಯನ್ನು ಗಟ್ಟಿ ಮಾಡುತ್ತದೆಯೇ? ಎದುರಿನವರ ಮಾತಿಗೆ ಅಲ್ಲೇ ಮಾತು ಕೊಡುವುದನ್ನು ಕಲಿಸುತ್ತದೆಯೇ?

ಆಯ್ಕೆಗೆ ಮೊದಲು ಒಂದು ಪರೀಕ್ಷೆ

ನಿಮ್ಮ ದೋಷ ಯಾವುದೆಂದು ತಿಳಿಯಲು ಗುರು ಬೇಕಾಗಿಲ್ಲ. ಮನೆಯ ದೊಡ್ಡ ಕೋಣೆಯ ಮೂಲೆಯಲ್ಲಿ ಮೊಬೈಲನ್ನು ಇಟ್ಟು, ಅದರಿಂದ 15 ಅಡಿ ದೂರದಲ್ಲಿ ನಿಂತು, ಫ್ಯಾನ್ ಹಾಕಿಕೊಂಡೇ, ಚೆನ್ನಾಗಿ ಗೊತ್ತಿರುವ ವಿಷಯವೊಂದರ ಬಗ್ಗೆ 3 ನಿಮಿಷ ಮಾತನಾಡಿ. ಅದನ್ನು ವಿಷಯದ ಪರಿಚಯವಿಲ್ಲದ ಮತ್ತೊಬ್ಬರಿಗೆ ಕೇಳಿಸಿ, ಪ್ರತಿ ವಾಕ್ಯದ ಕೊನೆಯ ಪದವನ್ನಷ್ಟೇ ಹಾಳೆಯ ಮೇಲೆ ಬರೆಯಲು ಹೇಳಿ. ನೀವೇ ಕೇಳಿದರೆ ಪ್ರಯೋಜನವಿಲ್ಲ, ಏಕೆಂದರೆ ಕೇಳಿಸದ ಪದವನ್ನೂ ನಿಮ್ಮ ನೆನಪು ತುಂಬಿಕೊಡುತ್ತದೆ. ಎರಡನೆಯದಾಗಿ, ಮನೆಯವರೊಬ್ಬರು ಮೊದಲೇ ತಿಳಿಸದೆ ಒಂದು ಪ್ರಶ್ನೆ ಕೇಳಲಿ, ಬೀದಿಯ ಕಸದ ಬಗ್ಗೆಯೋ ಮಕ್ಕಳ ಮೊಬೈಲ್ ಗೀಳಿನ ಬಗ್ಗೆಯೋ. ಅದಕ್ಕೆ ಒಂದು ನಿಮಿಷ ನಿಲ್ಲದೆ ಉತ್ತರಿಸಿ. ಮೂರನೆಯದಾಗಿ, ಪತ್ರಿಕೆಯ ಸಂಪಾದಕೀಯವನ್ನು ಗಟ್ಟಿಯಾಗಿ ಓದಿ, ನೀವು ಓದುತ್ತಿದ್ದೀರೋ ಮಾತನಾಡುತ್ತಿದ್ದೀರೋ ಎಂದು ಪಕ್ಕದ ಕೋಣೆಯವರನ್ನು ಕೇಳಿ.

ಮೊದಲನೆಯ ಹಾಳೆಯಲ್ಲಿ ಖಾಲಿ ಜಾಗಗಳು ಹೆಚ್ಚಾಗಿದ್ದರೆ ದೋಷ ಉಸಿರಿನಲ್ಲಿದೆ. ಎರಡನೆಯದರಲ್ಲಿ 20 ಸೆಕೆಂಡಿಗೆ ಮಾತು ನಿಂತರೆ ದೋಷ ಮಾತು ಕಟ್ಟುವುದರಲ್ಲಿದೆ. ಮೂರನೆಯದರಲ್ಲಿ ಸಿಕ್ಕಿಬಿದ್ದರೆ ನಿಮ್ಮ ಓದು ಇನ್ನೂ ಮಾತಾಗಿಲ್ಲ. ಸಭಾಕಂಪವನ್ನು ನಾನು ಇಲ್ಲಿ ಪ್ರತ್ಯೇಕ ದೋಷವಾಗಿ ಹೇಳುತ್ತಿಲ್ಲ. ಅದು ಎಲ್ಲರಿಗೂ ಇರುತ್ತದೆ, ನನಗಂತೂ 30 ವರ್ಷಗಳ ಸಭೆಗಳ ನಂತರವೂ ಅಂಗೈ ಬೆವರುತ್ತದೆ. ನಡುಕವಿದ್ದೂ ಕೊನೆಯ ಪದ ಕೇಳಿಸಿದರೆ ಸಭಿಕರಿಗೆ ತಕರಾರಿಲ್ಲ.

ಮನೆಯ ಅಭ್ಯಾಸವೋ, ಗಮಕವೋ

ಉಸಿರಿನ ದೋಷವಿರುವವರ ಮುಂದೆ ಇರುವ ಎರಡು ದಾರಿಗಳಲ್ಲಿ ಅಗ್ಗದ್ದು ಮನೆಯ ಅಭ್ಯಾಸ. ಕನ್ನಡಿಯ ಮುಂದೆ ನಿಂತು ಮಾತನಾಡಿ ಎಂಬ ಹಳೆಯ ಸಲಹೆಯನ್ನು ನಾನು ಯಾರಿಗೂ ಕೊಡುವುದಿಲ್ಲ, ಏಕೆಂದರೆ ಕನ್ನಡಿ ಮುಖವನ್ನು ತೋರಿಸುತ್ತದೆ, ಧ್ವನಿಯನ್ನಲ್ಲ. ಅದರ ಮುಂದೆ ನಿಂತವನು ಹುಬ್ಬು, ಕೈಗಳ ಚಿಂತೆಯಲ್ಲಿ ಮುಳುಗುತ್ತಾನೆ. ದಿನಕ್ಕೆ 15 ನಿಮಿಷ ನಿಂತು ಗಟ್ಟಿಯಾಗಿ ಓದಿ, ವಾಕ್ಯ ಮುಗಿಯುವ ಮೊದಲು ಉಸಿರು ಮುಗಿಯುತ್ತದೆ ಎನಿಸಿದ ಕಡೆ ನಡುವಿನ ‘ಎಂದು’, ‘ಆದರೂ’, ‘ಇದ್ದುದರಿಂದ’ ಮುಂತಾದ ತಂಗುದಾಣಗಳಲ್ಲಿ ಉಸಿರು ತೆಗೆದುಕೊಳ್ಳುವುದನ್ನು ರೂಢಿಸಿಕೊಂಡರೆ ಒಂದು ತಿಂಗಳಲ್ಲಿ ಹಾಳೆಯ ಖಾಲಿ ಜಾಗಗಳು ಕಡಿಮೆಯಾಗುತ್ತವೆ. ಖರ್ಚಿಲ್ಲ, ಯಾರ ಮುಂದೆಯೂ ನಾಚಿಕೆಪಡಬೇಕಾಗಿಲ್ಲ. ತೊಂದರೆಯೆಂದರೆ, ಹತ್ತನೆಯ ದಿನದ ಹೊತ್ತಿಗೆ ಬೇಸರ ಬಂದು ಬಿಟ್ಟುಬಿಡುವವರೇ ಹೆಚ್ಚು.

ಗಮಕ ಆ ಬೇಸರವನ್ನು ಕಳೆಯುತ್ತದೆ. ಗಮಕವೆಂದರೆ ಕಾವ್ಯವನ್ನು ರಾಗವಾಗಿ, ಆದರೆ ತಾಳದ ಕಟ್ಟಿಗೆ ಸಿಕ್ಕಿಸದೆ, ಅರ್ಥ ಸ್ಫುಟವಾಗುವಂತೆ ವಾಚಿಸುವ ಕಲೆ. ಒಬ್ಬರು ಪದ್ಯವನ್ನು ವಾಚಿಸಿದರೆ ಮತ್ತೊಬ್ಬರು ಗದ್ಯದಲ್ಲಿ ವ್ಯಾಖ್ಯಾನ ಮಾಡುತ್ತಾರೆ. ಶಿವಮೊಗ್ಗದ ಬಳಿ ತುಂಗೆಯ ದಡದಲ್ಲಿರುವ ಮತ್ತೂರು, ಹೊಸಹಳ್ಳಿಗಳು ಈ ಕಲೆಗೆ ಹೆಸರಾದವು, ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿಯವರಿಗೆ ಗಮಕಕ್ಕಾಗಿಯೇ 2022ರಲ್ಲಿ ಪದ್ಮಶ್ರೀ ಸಂದಿತು. ಭಾಷಣಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರು ಆರು ಸಾಲಿನ ಪದ್ಯಬಂಧವಾದ ಭಾಮಿನಿ ಷಟ್ಪದಿಯ ಲೆಕ್ಕವನ್ನು ನೋಡಬೇಕು. ಮೊದಲ ಎರಡು ಸಾಲುಗಳಿಗೆ ತಲಾ 14 ಮಾತ್ರೆ (ಮಾತ್ರೆಯೆಂದರೆ ಒಂದು ಹ್ರಸ್ವಾಕ್ಷರವನ್ನು ನುಡಿಯುವಷ್ಟು ಕಾಲ). ಮೂರನೆಯ ಸಾಲು ಒಮ್ಮೆಗೇ ಉದ್ದವಾಗಿ 23 ಮಾತ್ರೆಗಳಾಗುತ್ತದೆ, ಮತ್ತು ಅದು ನಿಲ್ಲುವುದು ಗುರುವಿನ ಮೇಲೆ, ಅಂದರೆ ಎರಡು ಮಾತ್ರೆಯ ಅಕ್ಷರದ ಮೇಲೆ. ನಾಲ್ಕು, ಐದು, ಆರನೆಯ ಸಾಲುಗಳಲ್ಲಿ ಇದೇ ಮತ್ತೆ. ಅಂದರೆ ಸಾಲು ಅತಿ ಉದ್ದವಾಗುವ ಜಾಗದಲ್ಲೇ ಕೊನೆಯ ಅಕ್ಷರವನ್ನು ತುಂಬಿ ನಿಲ್ಲಿಸಬೇಕು. ಆ ಗುರುವಿಗೆ ಉಸಿರನ್ನು ಉಳಿಸಿಕೊಳ್ಳದವನ ವಾಚನ ಅಲ್ಲೇ ಕುಸಿಯುತ್ತದೆ, ಯಾರೂ ಹೇಳಬೇಕಾಗಿಲ್ಲ. ವಾಕ್ಯದ ಕೊನೆಗೆ ಉಸಿರನ್ನು ಕಾಯ್ದಿಡುವ ಅಭ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಬೇರೆ ಪಾಠ ನನಗೆ ಸಿಕ್ಕಿಲ್ಲ. ಪದವನ್ನು ಎಲ್ಲಿ ಬಿಡಿಸಬೇಕು, ಎಲ್ಲಿ ಕೂಡಿಸಬೇಕು ಎಂಬ ವಿವೇಕ ಇದರ ಜೊತೆಗೇ ಬರುತ್ತದೆ, ಮಹಾಪ್ರಾಣಗಳೂ ಶಕಾರ ಷಕಾರಗಳೂ ತಾವಾಗಿ ತಿದ್ದಿಕೊಳ್ಳುತ್ತವೆ.

ಗಮಕದ ಮಿತಿಗಳನ್ನೂ ಹೇಳಬೇಕು. ಆರು ತಿಂಗಳಿಗಿಂತ ಕಡಿಮೆ ಕಲಿತವರ ಭಾಷಣಕ್ಕೆ ಒಂದು ಬಗೆಯ ರಾಗದ ಎಳೆತ ಅಂಟಿಕೊಳ್ಳುತ್ತದೆ; ನಾನು ಗಮಕ ಕಲಿಯುತ್ತಿದ್ದ ದಿನಗಳಲ್ಲಿ ನನ್ನ ಮನೆಯಾಕೆ ‘ತರಕಾರಿ ತರುವ ಮಾತನ್ನೂ ಷಟ್ಪದಿಯಲ್ಲಿ ಹೇಳುತ್ತೀರಿ’ ಎಂದು ನಕ್ಕದ್ದುಂಟು. ಹಳಗನ್ನಡ, ನಡುಗನ್ನಡದ ಪದಗಳ ಮೇಲೆ ಪ್ರೀತಿಯಿಲ್ಲದವರಿಗೆ ಇದು ದೂರದ ದಾರಿ. ಕಚೇರಿಯಲ್ಲಿ ಇಂಗ್ಲಿಷಿನಲ್ಲೇ ಮಾತನಾಡಬೇಕಾದವರಿಗೆ ನಾನು ಇದನ್ನು ಸೂಚಿಸುವುದಿಲ್ಲ.

ಮುಖ್ಯವಾದ ಮಿತಿಯನ್ನು ಮುಂದಿನ ವರ್ಷದ ಮಹಾಸಭೆ ನನಗೆ ತೋರಿಸಿಕೊಟ್ಟಿತು. ಆ ಬಾರಿಯೂ ಡಿವಿಡೆಂಡ್ ಇರಲಿಲ್ಲ, ಆ ವಾಕ್ಯವನ್ನು ನಾನು ಕೊನೆಯ ಅಕ್ಷರದವರೆಗೆ ತುಂಬು ದನಿಯಲ್ಲಿ ಹೇಳಿದೆ, ಊಟದ ಮನೆಯ ಬಾಗಿಲಲ್ಲಿ ನಿಂತವರಿಗೂ ಅದು ಕೇಳಿಸಿತು. ಪರಿಣಾಮವಾಗಿ 40 ನಿಮಿಷ ಪ್ರಶ್ನೆಗಳು ಬಂದವು. ವಸೂಲಾಗದ ಸಾಲ ಎಷ್ಟು, ಕಾಯ್ದಿಟ್ಟ ನಿಧಿ ಎಲ್ಲಿ ಹೋಯಿತು ಎಂದು ಒಬ್ಬರಾದ ಮೇಲೊಬ್ಬರು ಎದ್ದು ಕೇಳಿದಾಗ, ಅಂಕಿಗಳೆಲ್ಲ ಎದುರಿನ ಕಡತದಲ್ಲೇ ಇದ್ದರೂ, ನನ್ನ ಬಾಯಿಂದ ಎರಡು ಪೂರ್ಣ ವಾಕ್ಯಗಳು ಹೊರಡಲಿಲ್ಲ. ಬರೆದದ್ದನ್ನು ತುಂಬಿ ಹೇಳುವುದು ಬಂದಿತ್ತು. ಬರೆಯದಿದ್ದುದನ್ನು ಹೇಳುವುದು ಬಂದಿರಲಿಲ್ಲ.

ಕ್ಲಬ್ಬೋ, ತಾಳಮದ್ದಳೆಯೋ

ಈ ಎರಡನೆಯ ದೋಷಕ್ಕೆ ನಗರಗಳಲ್ಲಿ ಸುಲಭವಾಗಿ ಸಿಗುವುದು ಟೋಸ್ಟ್‌ಮಾಸ್ಟರ್ಸ್. ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಎಂಬವರು 1924ರ ಅಕ್ಟೋಬರಿನಲ್ಲಿ ಒಂದು ವೈಎಂಸಿಎ ಕಟ್ಟಡದ ನೆಲಮಾಳಿಗೆಯಲ್ಲಿ ಆರಂಭಿಸಿದ ಈ ಪದ್ಧತಿಯಲ್ಲಿ ಅಧ್ಯಾಪಕರಿರುವುದಿಲ್ಲ. ಸದಸ್ಯರೇ ಒಬ್ಬರನ್ನೊಬ್ಬರು ತಿದ್ದುತ್ತಾರೆ. ಸಿದ್ಧಪಡಿಸಿಕೊಂಡು ಬಂದ ಭಾಷಣಕ್ಕೆ ಸಾಮಾನ್ಯವಾಗಿ 5ರಿಂದ 7 ನಿಮಿಷ: ಐದಕ್ಕೆ ಹಸಿರು, ಆರಕ್ಕೆ ಹಳದಿ, ಏಳಕ್ಕೆ ಕೆಂಪು ಸಂಕೇತ ತೋರಿಸಲು ಒಬ್ಬ ಸಮಯಪಾಲಕ. ಆ ಮೇಲೆ ಟೇಬಲ್ ಟಾಪಿಕ್ಸ್ ಎಂಬ ಭಾಗದಲ್ಲಿ ಆಗಷ್ಟೇ ಕೊಟ್ಟ ವಿಷಯದ ಮೇಲೆ ಒಂದೆರಡು ನಿಮಿಷ ಮಾತನಾಡಬೇಕು. ಮಾತಿನ ನಡುವೆ ನುಸುಳುವ ನಿರರ್ಥಕ ಸದ್ದುಗಳನ್ನು ಎಣಿಸಲು ‘ಆ-ಕೌಂಟರ್’ (Ah-Counter) ಎಂಬ ಒಬ್ಬರಿರುತ್ತಾರೆ. ಕನ್ನಡದಲ್ಲಿ ಮಾತನಾಡುವಾಗ ‘ಆ’, ‘ಊ’ಗಳಿಗಿಂತ ‘ಅಂದರೆ’, ‘ಆಯ್ತಾ’, ‘ಏನಪ್ಪಾ ಅಂದ್ರೆ’ಗಳನ್ನು ಎಣಿಸಬೇಕು. ನನ್ನ ಆರು ನಿಮಿಷದ ಮಾತೊಂದರಲ್ಲಿ ‘ಏನಪ್ಪಾ ಅಂದ್ರೆ’ 11 ಸಲ ಬಂದಿತ್ತೆಂದು ಎಣಿಸಿದವರು ಹೇಳಿದಾಗ ನಾನು ನಂಬಲಿಲ್ಲ. ಮುದ್ರಣ ಕೇಳಿದ ಮೇಲೆ 12 ಎಂದು ತಿಳಿಯಿತು.

ಕ್ಲಬ್ಬಿನ ದೊಡ್ಡ ಗುಣವೆಂದರೆ ಸರದಿ. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಎದ್ದು ನಿಲ್ಲುವುದು ತಪ್ಪುವುದಿಲ್ಲ, ಮತ್ತು ಕೇಳುವವರೂ ಕಲಿಯುವವರೇ ಆಗಿರುವುದರಿಂದ ವಿಮರ್ಶೆ ಮೃದುವಾಗಿರುತ್ತದೆ. ಸಭಾಕಂಪ ಹೆಚ್ಚಾಗಿರುವವರಿಗೆ ಇದು ಬೇಕು. ಆದರೆ ಇಪ್ಪತ್ತು ಜನರ ಸಣ್ಣ ಕೋಣೆಯಲ್ಲಿ ಯಾರ ದನಿಯೂ ಸೋಲುವುದಿಲ್ಲವಾದ್ದರಿಂದ ಉಸಿರಿನ ದೋಷ ಅಲ್ಲಿ ಬಯಲಿಗೆ ಬರುವುದೇ ಇಲ್ಲ. ನಮ್ಮ ಕಡೆ ಹೆಚ್ಚಿನ ಕ್ಲಬ್ಬುಗಳ ಕಲಾಪ ಇಂಗ್ಲಿಷಿನಲ್ಲಿ ನಡೆಯುತ್ತದೆ ಎಂಬುದನ್ನೂ ನೆನಪಿಡಬೇಕು. ನೀವು ಮಾತನಾಡಬೇಕಾದದ್ದು ಕನ್ನಡದಲ್ಲಿ ಎಂದಾದರೆ, ಕನ್ನಡಕ್ಕೆ ಅವಕಾಶವಿರುವ ಕ್ಲಬ್ಬು ಹತ್ತಿರದಲ್ಲಿದೆಯೇ ಎಂದು ವಿಚಾರಿಸಿಕೊಂಡು, ಅತಿಥಿಯಾಗಿ ಒಂದೆರಡು ಸಭೆಗಳನ್ನು ನೋಡಿದ ಮೇಲೆಯೇ ಸದಸ್ಯತ್ವದ ಹಣ ಕಟ್ಟುವುದು ಲೇಸು.

ತಾಳಮದ್ದಳೆಯ ಶಾಲೆ ಇದಕ್ಕಿಂತ ಕಠಿಣ. ಯಕ್ಷಗಾನದ ಪ್ರಸಂಗವನ್ನೇ ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತು ಬರಿಯ ಮಾತಿನಲ್ಲಿ ನಡೆಸುವ ಈ ಪ್ರಕಾರದಲ್ಲಿ ಭಾಗವತರು ಹಾಡುವ ಪದ್ಯ ಮಾತ್ರ ಪುಸ್ತಕದಲ್ಲಿರುತ್ತದೆ. ಪಾತ್ರವಾಗಿ ಕುಳಿತ ಅರ್ಥಧಾರಿ ಆಡುವ ಮಾತು ಅಲ್ಲಿಯೇ ಹುಟ್ಟಬೇಕು. ಎದುರು ಕುಳಿತವರು ಯಾವ ಪ್ರಶ್ನೆಯನ್ನು ಎತ್ತುತ್ತಾರೆ ಎಂಬುದು ಗೊತ್ತಿರುವುದಿಲ್ಲ. ವಾಲಿವಧೆಯಲ್ಲಿ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳುತ್ತಾನೆ ಎಂಬುದು ಎಲ್ಲರಿಗೂ ತಿಳಿದದ್ದೇ, ಆದರೆ ಆ ಪ್ರಶ್ನೆಯನ್ನು ಎಷ್ಟು ಕವಲಾಗಿ ಒಡೆದು ಕೇಳುತ್ತಾನೆ ಎಂಬುದು ಆ ರಾತ್ರಿಯ ಅರ್ಥಧಾರಿಗೆ ಬಿಟ್ಟದ್ದು. ಶೇಣಿ ಗೋಪಾಲಕೃಷ್ಣ ಭಟ್, ಕುಂಬಳೆ ಸುಂದರ ರಾವ್ ಅವರಂಥವರ ಹೆಸರನ್ನು ಕರಾವಳಿಯವರು ಇಂದಿಗೂ ನೆನೆಯುವುದು ಇಂಥ ಮಾತಿನ ಕಟ್ಟಿಗಾಗಿ. ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ತುಳುನಾಡಿನ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ, ಮಳೆಗಾಲದ ತಿಂಗಳುಗಳಲ್ಲಿ ಊರೂರಿನ ಹವ್ಯಾಸಿ ಸಂಘಗಳು ಕೂಟಗಳನ್ನು ನಡೆಸುತ್ತವೆ. ಹೊಸಬರಿಗೆ ಚಿಕ್ಕ ಪಾತ್ರ ಕೊಟ್ಟು ಕೂರಿಸುವ ಸಂಘಗಳೂ ಇವೆ.

ಇಲ್ಲಿ ಕಲಿಯುವುದು ಮೂರು ಸಂಗತಿಗಳನ್ನು: ಎದುರಾಳಿಯ ಮಾತನ್ನು ಪೂರ್ತಿ ಕೇಳುವುದು, ಅವನ ಮಾತಿನ ತುದಿಯನ್ನೇ ಹಿಡಿದು ತನ್ನ ಮಾತನ್ನು ಆರಂಭಿಸುವುದು, ಇಂಗ್ಲಿಷ್ ಪದವನ್ನು ಎಳೆದು ತರದೆ ಕನ್ನಡದಲ್ಲೇ ವಾದವನ್ನು ಮುಗಿಸುವುದು. ಪ್ರಶ್ನೋತ್ತರಕ್ಕೆ ಹೆದರುವವನಿಗೆ ಕ್ಲಬ್ಬಿನ ಎರಡು ನಿಮಿಷಕ್ಕಿಂತ ತಾಳಮದ್ದಳೆಯ ಒಂದು ಸಂವಾದ ಹೆಚ್ಚು ಗಟ್ಟಿ ಎಂದೇ ನನ್ನ ಅಭಿಪ್ರಾಯ. ಆದರೆ ಪುರಾಣದ ತಿಳಿವಳಿಕೆ ಬೇಕು, ಹತ್ತಾರು ಕೂಟಗಳನ್ನು ಬರಿದೆ ಕೇಳುವ ತಾಳ್ಮೆ ಬೇಕು, ಮತ್ತು ಸಮಯದ ಕಟ್ಟು ಅಲ್ಲಿ ಕ್ಲಬ್ಬಿನಷ್ಟು ಬಿಗಿಯಲ್ಲ. ಅರ್ಥಗಾರಿಕೆಯಲ್ಲಿ ಪಳಗಿದವರಿಗೆ ಐದು ನಿಮಿಷದ ಸ್ವಾಗತ ಭಾಷಣ ಕೊಟ್ಟರೆ ಇಪ್ಪತ್ತಕ್ಕೆ ಮುಗಿಸುವ ಅಪಾಯವಿದೆ. ಬಯಲುಸೀಮೆಯವರಿಗೆ ಈ ದಾರಿ ಸಿಗುವುದು ಕಷ್ಟ, ಮುದ್ರಿತ ಕೂಟಗಳನ್ನು ಕೇಳುವುದರಿಂದ ಅರ್ಧ ಪ್ರಯೋಜನವಷ್ಟೇ ದಕ್ಕುತ್ತದೆ.

ರಂಗ ಶಿಬಿರ, ಹಣದ ತರಗತಿ

ನಿಲುವು, ಕೈ, ಕಣ್ಣು, ವೇದಿಕೆಯ ಮೇಲಿನ ನಡಿಗೆ ಇವುಗಳಲ್ಲಿ ತೊಡಕಿರುವವರಿಗೆ ರಂಗಭೂಮಿಯೇ ಸರಿ. ಹೆಗ್ಗೋಡಿನ ನೀನಾಸಮ್ 1980ರಿಂದ ನಡೆಸುತ್ತಿರುವ ರಂಗಶಿಕ್ಷಣ ಕೇಂದ್ರದಂಥದ್ದು ನಟರಾಗಬೇಕೆನ್ನುವವರಿಗೆ. ಕೆಲಸವಿರುವವರಿಗೆ ಅಷ್ಟು ಬಿಡುವು ಎಲ್ಲಿಯದು? ಅಂಥವರು ಹವ್ಯಾಸಿ ತಂಡಗಳು ನಡೆಸುವ ವಾರಾಂತ್ಯದ ಶಿಬಿರಗಳನ್ನು ಹುಡುಕಬೇಕು. ಪಿಸುಮಾತನ್ನೂ ಕೊನೆಯ ಸಾಲಿಗೆ ಮುಟ್ಟಿಸುವುದನ್ನು ಅಲ್ಲಿ ಕಲಿಸುತ್ತಾರೆ, ಆದ್ದರಿಂದ ಉಸಿರಿನ ದೋಷಕ್ಕೂ ಇದು ಮದ್ದು. ಗಮಕಕ್ಕಿಂತ ಬೇಗ ಫಲ ಕೊಡುತ್ತದೆ. ಒಂದು ಎಚ್ಚರ: ನಟನಿಗೆ ಬೇರೆಯವರು ಬರೆದ ಮಾತಿರುತ್ತದೆ, ಭಾಷಣಕಾರನಿಗೆ ತನ್ನದೇ ಮಾತಿರುತ್ತದೆ. ಶಿಬಿರದಿಂದ ಬಂದ ಹೊಸದರಲ್ಲಿ ಲೆಕ್ಕಪತ್ರವನ್ನೂ ಅಭಿನಯಿಸಿ ಮಂಡಿಸಿದವರನ್ನು ನೋಡಿದ್ದೇನೆ.

ಹಣದ ತರಗತಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೇರುವ ಮೊದಲು ಒಂದು ಭಾಗಾಕಾರ ಮಾಡಿ: ಎರಡು ಗಂಟೆಯ ತರಗತಿಯಲ್ಲಿ 40 ಜನರಿದ್ದರೆ, ಅಧ್ಯಾಪಕರು ಬಾಯಿಯೇ ತೆರೆಯದಿದ್ದರೂ, ಒಬ್ಬೊಬ್ಬರಿಗೆ ಸಿಗುವುದು ಮೂರು ನಿಮಿಷ.

ಓದುವುದೋ, ಚೀಟಿಯೋ, ಬಾಯಿಪಾಠವೋ

ಭಾಷಣಕ್ಕೆ ಒಂದು ವಾರವಷ್ಟೇ ಉಳಿದಿದ್ದರೆ ಮೇಲಿನ ಯಾವ ದಾರಿಯೂ ನೆರವಿಗೆ ಬರುವುದಿಲ್ಲ. ಆಗ ಉಳಿಯುವ ಆಯ್ಕೆ, ಕೈಯಲ್ಲಿ ಏನನ್ನು ಹಿಡಿದು ನಿಲ್ಲಬೇಕು ಎಂಬುದು. ಬಾಯಿಪಾಠವನ್ನು ನಾನು ಮೊದಲೇ ತಳ್ಳಿಹಾಕುತ್ತೇನೆ: ಶಾಲೆಯ ಸ್ಪರ್ಧೆಗಳಲ್ಲಿ ಅದು ನಡೆಯುತ್ತದೆ, ದೊಡ್ಡವರಿಗೆ ಒಂದು ಪದ ಮರೆತರೆ ಮುಂದಿನ ಇಡೀ ಪ್ಯಾರಾ ಮರೆತುಹೋಗುತ್ತದೆ. ಅಂಕಿಗಳಿರುವ ವರದಿ, ಶ್ರದ್ಧಾಂಜಲಿ, ನಿರ್ಣಯ ಮಂಡನೆ ಇವುಗಳನ್ನು ಬರೆದು ಓದಬೇಕು. ಸ್ವಾಗತ, ಅಭಿನಂದನೆ, ಉಪನ್ಯಾಸಗಳಿಗೆ ಐದಾರು ಅಂಶಗಳ ಚೀಟಿ ಸಾಕು. ಆರಂಭದ ಎರಡು ವಾಕ್ಯ ಮತ್ತು ಮುಗಿಸುವ ಒಂದು ವಾಕ್ಯ ಮಾತ್ರ ಪೂರ್ಣವಾಗಿ ಬರೆದಿರಲಿ.

ಬರೆದು ಓದುವವರು ಬರೆಯುವ ಹಂತದಲ್ಲೇ ಅರ್ಧ ಕೆಲಸ ಮುಗಿಸಬಹುದು. ‘ಕ್ರಮ ಕೈಗೊಳ್ಳಲಾಗುವುದು’ ಎಂದು ಬರೆದರೆ ಬಾಯಿ ಅದನ್ನು ಹಾಗೆಯೇ ಒಣಗಿಸಿ ಹೇಳುತ್ತದೆ. ‘ಕ್ರಮ ಕೈಗೊಳ್ಳುತ್ತೇವೆ’ ಎಂದು ಬರೆಯಿರಿ. ಒಂದು ಉಸಿರಿಗೆ ಒಂದು ಸಾಲಿನಂತೆ ಮುರಿದು ಮುದ್ರಿಸಿ, ಕ್ರಿಯಾಪದಗಳನ್ನು ದಪ್ಪಕ್ಷರದಲ್ಲಿಡಿ. ವಾಕ್ಯ ಪುಟದಿಂದ ಪುಟಕ್ಕೆ ಹರಿಯಬಾರದು. ಹಾಳೆಯ ಕೆಳಗಿನ ಮೂರನೆಯ ಒಂದು ಭಾಗವನ್ನು ಖಾಲಿ ಬಿಟ್ಟರೆ ಓದುವಾಗ ತಲೆ ಎದೆಗೆ ತಗಲುವಷ್ಟು ಬಾಗುವುದಿಲ್ಲ, ದನಿಯೂ ಹಾಳೆಯೊಳಗೆ ಬೀಳುವುದಿಲ್ಲ. ನಿಮಿಷಕ್ಕೆ ಇಷ್ಟು ಪದ ಎಂಬ ಇಂಗ್ಲಿಷ್ ಲೆಕ್ಕವನ್ನು ನಂಬಬೇಡಿ: ‘ಹೋಗಬೇಕಾಗಿದ್ದುದರಿಂದ’ ಎಂಬುದು ನಮಗೆ ಒಂದೇ ಪದ, ಅವರಿಗೆ ನಾಲ್ಕೈದು. ಗಡಿಯಾರ ಹಿಡಿದು ಒಮ್ಮೆ ಗಟ್ಟಿಯಾಗಿ ಓದಿ ನೋಡುವುದೇ ಸರಿಯಾದ ಲೆಕ್ಕ.

ಮೈಕಿನ ವಿಷಯದಲ್ಲಿ ಒಂದು ಮಾತು. ಅದು ನೀವು ಆಡಿದ್ದನ್ನು ದೊಡ್ಡದು ಮಾಡುತ್ತದೆಯೇ ಹೊರತು ನುಂಗಿದ್ದನ್ನು ಹೊರತೆಗೆಯುವುದಿಲ್ಲ. ಬಾಯಿಗೂ ಮೈಕಿಗೂ ಒಂದು ಹಿಡಿಯಷ್ಟು ಅಂತರವಿಟ್ಟು, ಪಕಾರ ಭಕಾರಗಳ ಗಾಳಿ ನೇರವಾಗಿ ಬಡಿಯದಂತೆ ಸ್ವಲ್ಪ ಓರೆಯಾಗಿ ಹಿಡಿಯಿರಿ, ಮತ್ತು ವಾಕ್ಯ ಮುಗಿಯುವ ಮೊದಲೇ ಪುಟ ತಿರುಗಿಸಲು ಮುಖ ತಿರುಗಿಸಬೇಡಿ.

ನಮ್ಮ ಸಭೆಗಳಲ್ಲಿ ಮತ್ತೊಂದು ಸಂಗತಿಯನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ನಿರೂಪಕರು ವೇದಿಕೆಯಲ್ಲಿರುವವರ ಹೆಸರುಗಳನ್ನು ಹೇಳಿರುತ್ತಾರೆ, ಸ್ವಾಗತ ಮಾಡಿದವರು ಮತ್ತೊಮ್ಮೆ ಹೇಳಿರುತ್ತಾರೆ. ಮೂರನೆಯ ಸಲ ನೀವೂ ಅದನ್ನೇ ಆರಂಭಿಸಿದರೆ ನಿಮ್ಮ ಅತ್ಯುತ್ತಮ ಉಸಿರು, ಸಭಿಕರ ಮೊದಲ ಗಮನ ಎರಡೂ ಆ ಪಟ್ಟಿಗೆ ಖರ್ಚಾಗುತ್ತವೆ. ‘ವೇದಿಕೆಯ ಮೇಲಿರುವ ಹಿರಿಯರೇ, ಎದುರಿಗಿರುವ ಬಂಧುಗಳೇ’ ಎಂದಷ್ಟೇ ಹೇಳಿ ವಿಷಯಕ್ಕೆ ಬನ್ನಿ. ಹೆಸರು ಬಿಟ್ಟಿರೆಂದು ಮುನಿಸಿಕೊಂಡವರಿದ್ದರೆ ಕಾಫಿಯ ಹೊತ್ತಿನಲ್ಲಿ ಹತ್ತಿರ ಹೋಗಿ ಕೈಮುಗಿದರಾಯಿತು.